ವಿಜ್ಞಾನ ನಗರಿ ಮತ್ತು ಅದರ ನೆರೆಹೊರೆ
(ತ್ಸುಕುಬಾ, ಚಳ್ಳಕೆರೆ ಹಾಗೂ ನಮ್ಮ ಮೂರು ತಾಲೂಕುಗಳನ್ನು ಕುರಿತ ಒಂದು ಅಧ್ಯಯನ)

ಪೀಠಿಕೆ

ವಿದ್ಯೆಗೆ ಗುರು ಬೇಕು, ಶಿಷ್ಯ ಬೇಕು. ಇವರಿಬ್ಬರೂ ಕುಳಿತುಕೊಳ್ಳಲು ನೆಲವೂ ಬೇಕು. ಈ ಮೂರನೆಯ ಅಂಗವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಯಾವ ವಿದ್ಯಾಕೇಂದ್ರವೇ ಆಗಲಿ, ಅದು ಯಾರದೋ ನೆಲದ ಮೇಲೆ ನಿಂತಿದೆ. ಆ ನೆಲವನ್ನು ಯಾರೋ ಕೊಟ್ಟಿರಬೇಕು, ಮಾರಿರಬೇಕು ಅಥವಾ ಬಿಟ್ಟುಹೋಗಿರಬೇಕು. ನೆಲ ಬಂದ ಬಗೆಗೂ ಅಲ್ಲಿ ಬೆಳೆಯುವ ವಿದ್ಯೆಯ ಸ್ವರೂಪಕ್ಕೂ ಸಂಬಂಧವುಂಟೇ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ವಿದ್ಯೆಗಾಗಿಯೇ ಮೀಸಲಾದ ಊರು ಎಂಬ ಕಲ್ಪನೆ ನಮ್ಮ ಸೀಮೆಗೆ ಹೊಸದಲ್ಲ. ಬನವಾಸಿಯ ಕದಂಬ ರಾಜ್ಯವನ್ನು ಸ್ಥಾಪಿಸಿದ ಮಯೂರಶರ್ಮನು ವೇದಾಧ್ಯಯನವನ್ನು ಪೂರ್ಣಗೊಳಿಸಲು ಕಂಚಿಯ ಘಟಿಕೆಗೆ ಹೋಗಿದ್ದನೆಂದು ತಾಳಗುಂದದ ಶಾಸನ ಹೇಳುತ್ತದೆ. ಸಿರಸಿ, ಸಿದ್ದಾಪುರಗಳಿಗೆ ಬಹಳ ದೂರವಲ್ಲದ ಬಳ್ಳಿಗಾವಿಯಲ್ಲಿ ಕೋಡಿಯಮಠವೆಂಬ ಪ್ರಸಿದ್ಧ ವಿದ್ಯಾಪೀಠವಿತ್ತು. 1162ರ ಶಾಸನವೊಂದು ಅಲ್ಲಿ ನಡೆಯುತ್ತಿದ್ದ ವೇದ, ವ್ಯಾಕರಣ, ದರ್ಶನಗಳ ಅಧ್ಯಯನವನ್ನು ವರ್ಣಿಸುವುದರೊಂದಿಗೆ, ದೀನರಿಗೂ ಅಂಗವಿಕಲರಿಗೂ ಅಲ್ಲಿ ಅನ್ನ ದೊರೆಯುತ್ತಿದ್ದುದನ್ನೂ ರೋಗಿಗಳಿಗೆ ಔಷಧ ದೊರೆಯುತ್ತಿದ್ದುದನ್ನೂ ಹೇಳುತ್ತದೆ. ಪಂಡಿತರ ವಾದಮಂಟಪವೂ ಹಸಿದವನ ಎಲೆಯೂ ಒಂದೇ ಅಂಗಳದಲ್ಲಿದ್ದವು. ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದಿನ ವಿಜ್ಞಾನ ನಗರಿಗಳತ್ತ ನೋಡೋಣ.

ತ್ಸುಕುಬಾ: ಯೋಜನೆಯಿಂದ ಹುಟ್ಟಿದ ಊರು

ಜಪಾನಿನ ರಾಜಧಾನಿಯಾದ ಟೋಕಿಯೋದಿಂದ ಈಶಾನ್ಯಕ್ಕೆ ಸುಮಾರು 60 ಕಿಲೋಮೀಟರು ದೂರದಲ್ಲಿ, ಇಬರಾಕಿ ಪ್ರಾಂತದಲ್ಲಿ, ಎರಡು ಶಿಖರಗಳ ಒಂದು ಬೆಟ್ಟವಿದೆ. ಅದರ ಎತ್ತರ 877 ಮೀಟರು, ಹೆಸರು ತ್ಸುಕುಬಾ. ಅದರ ದಕ್ಷಿಣದ ಬಯಲಿನಲ್ಲಿ ನಿರ್ಮಾಣವಾದ ವಿಜ್ಞಾನ ನಗರಿಗೆ ಬೆಟ್ಟದ ಹೆಸರೇ ಬಂದಿದೆ.

ಎರಡನೆಯ ಮಹಾಯುದ್ಧದ ತರುವಾಯ ಟೋಕಿಯೋ ನಗರ ಮಿತಿಮೀರಿ ಬೆಳೆಯಿತು. ಸರಕಾರದ ಸಂಶೋಧನಾಲಯಗಳು ಇಕ್ಕಟ್ಟಾದ ಹಳೆಯ ಕಟ್ಟಡಗಳಲ್ಲಿ ನಡೆಯುತ್ತಿದ್ದವು. ಇವನ್ನು ಹೊರಗೆ ಸಾಗಿಸಿದರೆ ರಾಜಧಾನಿಯ ಭಾರವೂ ಇಳಿಯುತ್ತದೆ, ವಿಜ್ಞಾನಿಗಳಿಗೆ ವಿಶಾಲವಾದ ಆವರಣವೂ ದೊರೆಯುತ್ತದೆ ಎಂಬುದು ಯೋಜನೆಯ ತಿರುಳಾಗಿತ್ತು. 1963ರ ಸೆಪ್ಟೆಂಬರಿನಲ್ಲಿ ಮಂತ್ರಿಮಂಡಲ ಇದಕ್ಕೆ ಸಮ್ಮತಿಯಿತ್ತಿತು. 1970ರಲ್ಲಿ ನಗರ ನಿರ್ಮಾಣಕ್ಕಾಗಿಯೇ ಒಂದು ಕಾನೂನು ಬಂದಿತು. 1972ರಿಂದ ಸಂಶೋಧನಾಲಯಗಳು ಒಂದೊಂದಾಗಿ ಸ್ಥಳಾಂತರಗೊಂಡವು. 1973ರಲ್ಲಿ ತ್ಸುಕುಬಾ ವಿಶ್ವವಿದ್ಯಾನಿಲಯ ಆರಂಭವಾಯಿತು. 1980ರ ವೇಳೆಗೆ ನಲವತ್ತಕ್ಕೂ ಹೆಚ್ಚು ರಾಷ್ಟ್ರೀಯ ಸಂಸ್ಥೆಗಳು ಅಲ್ಲಿ ನೆಲೆಸಿದ್ದವು.

ಇಲ್ಲಿ ಅಧ್ಯಾಪಕ ಬಂಧುಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಮೊದಲು ರಚಿಸಿದ ನಕ್ಷೆ ರೈತರ ಗದ್ದೆ ಹೊಲಗಳನ್ನೂ ಹಳ್ಳಿಗಳನ್ನೂ ಧಾರಾಳವಾಗಿ ಒಳಗೊಂಡಿತ್ತು. ರೈತರು ಅದನ್ನು ಪ್ರಬಲವಾಗಿ ವಿರೋಧಿಸಿದರು. ಆಗ ಸರಕಾರ ನಕ್ಷೆಯನ್ನೇ ಬದಲಿಸಿತು. ಊರುಗಳನ್ನೂ ಒಳ್ಳೆಯ ಭೂಮಿಯನ್ನೂ ಆದಷ್ಟು ಬಿಟ್ಟು, ಪೈನ್ ಮರಗಳ ಕಾಡುಭೂಮಿಯನ್ನು ಹೆಚ್ಚಾಗಿ ಆರಿಸಿಕೊಂಡು ಕ್ರಯಕ್ಕೆ ಪಡೆಯಿತು. ಇದರಿಂದಾಗಿ ನಗರಿಯ ಯೋಜಿತ ಭಾಗವು ಪೂರ್ವ ಪಶ್ಚಿಮವಾಗಿ 6 ಕಿಲೋಮೀಟರು, ಉತ್ತರ ದಕ್ಷಿಣವಾಗಿ 18 ಕಿಲೋಮೀಟರು ಇರುವ ನೀಳವಾದ ಪಟ್ಟಿಯಾಯಿತು. ಅದರ ವಿಸ್ತೀರ್ಣ ಸುಮಾರು 2,700 ಹೆಕ್ಟೇರು. ಅಳತೆಪಟ್ಟಿ ಹಿಡಿದ ನಗರ ಶಿಲ್ಪಿಗೆ ಈ ಆಕಾರ ರುಚಿಸಲಾರದು. ಆದರೆ ಭೂಪಟದ ಆ ಅಂಕುಡೊಂಕಿನಲ್ಲಿ ರೈತನ ಮಾತು ಅಚ್ಚೊತ್ತಿ ಉಳಿದಿದೆ.

ನಗರಿಯ ಗುಣದೋಷಗಳು

ತ್ಸುಕುಬಾದ ಸಾಧನೆ ಅಲ್ಪವಾದುದಲ್ಲ. ಅಲ್ಲಿರುವ ಉನ್ನತಶಕ್ತಿ ಭೌತವಿಜ್ಞಾನ ಸಂಸ್ಥೆಯಲ್ಲಿ ಕಣವೇಗವರ್ಧಕದ ನೆರವಿನಿಂದ ನಡೆದ ಪ್ರಯೋಗಗಳು, ದ್ರವ್ಯ ಹಾಗೂ ಪ್ರತಿದ್ರವ್ಯಗಳ ವರ್ತನೆಯಲ್ಲಿ ಇರುವ ಸೂಕ್ಷ್ಮ ಭೇದವನ್ನು 2001ರಲ್ಲಿ ಖಚಿತಪಡಿಸಿದವು. ಅದೇ ಸಂಸ್ಥೆಯ ಮಕೋತೋ ಕೊಬಯಾಶಿ ಅವರು 2008ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ವಿದ್ಯುತ್ತನ್ನು ಹರಿಯಗೊಡುವ ಪ್ಲಾಸ್ಟಿಕ್ಕನ್ನು ಶೋಧಿಸಿದವರಲ್ಲೊಬ್ಬರಾದ ಹಿದೆಕಿ ಶಿರಾಕಾವಾ ಅವರು ತ್ಸುಕುಬಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಅವರಿಗೆ 2000ದಲ್ಲಿ ರಸಾಯನ ಶಾಸ್ತ್ರದ ನೊಬೆಲ್ ಸಂದಿತು. 1985ರಲ್ಲಿ ಇಲ್ಲಿ ನಡೆದ ಜಾಗತಿಕ ವಿಜ್ಞಾನ ಪ್ರದರ್ಶನವನ್ನು ಆರು ತಿಂಗಳಲ್ಲಿ ಎರಡು ಕೋಟಿಗೂ ಹೆಚ್ಚು ಜನ ವೀಕ್ಷಿಸಿದರು.

ಆದರೆ ಊರು ಎಂಬುದು ಕಟ್ಟಡಗಳ ಮೊತ್ತವಲ್ಲ. ಟೋಕಿಯೋದ ವಿದ್ವಾಂಸರಲ್ಲಿ ಅನೇಕರು ಹೊಸ ನಗರಿಗೆ ಬರಲು ಒಪ್ಪಲಿಲ್ಲ. ಅಲ್ಲಿನ ಒಂದು ಪ್ರತಿಷ್ಠಿತ ಶಿಕ್ಷಣ ವಿಶ್ವವಿದ್ಯಾನಿಲಯದಲ್ಲಿ ಸ್ಥಳಾಂತರದ ವಿಷಯವಾಗಿ ದೊಡ್ಡ ಒಡಕೇ ಉಂಟಾಗಿ, 1978ರಲ್ಲಿ ಆ ಸಂಸ್ಥೆ ಇಲ್ಲದಂತಾಯಿತು. ಬಂದು ನೆಲೆಸಿದವರಿಗೆ ಮೊದಮೊದಲು ಕೆಸರು ರಸ್ತೆ, ರಬ್ಬರ್ ಬೂಟು, ದೂರದ ಅಂಗಡಿಗಳೇ ಗತಿಯಾದವು. ಪಟ್ಟಣದ ನಡುವೆ ರೈಲು ನಿಲ್ದಾಣವಿರಲಿಲ್ಲ. ಟೋಕಿಯೋದಿಂದ ನೇರವಾಗಿ 45 ನಿಮಿಷಗಳಲ್ಲಿ ತಲುಪಿಸುವ ರೈಲು ಬಂದದ್ದು 2005ರ ಆಗಸ್ಟಿನಲ್ಲಿ. ಇದಕ್ಕಿಂತಲೂ ಗಹನವಾದ ಕೊರತೆಯೆಂದರೆ ಒಂಟಿತನ. ಹೊಸಬರು ಹಳೆಯ ಊರಿನವರನ್ನು ಅರಿಯರು. ಹಳೆಯ ಊರಿನವರಿಗೆ ಹೊಸಬರ ಕೆಲಸ ತಿಳಿಯದು. ಆಡಳಿತದಲ್ಲಿಯೂ ಆ ಪ್ರದೇಶ ಆರು ಊರಾಡಳಿತಗಳ ನಡುವೆ ಹಂಚಿಹೋಗಿತ್ತು. 1987ರ ನವೆಂಬರಿನಲ್ಲಿ ನಾಲ್ಕು ಊರುಗಳು ಒಂದಾಗಿ ತ್ಸುಕುಬಾ ಎಂಬ ನಗರಸಭೆಯಾಯಿತು. ಕೊನೆಯ ಊರು ಸೇರಿದ್ದು 2002ರಲ್ಲಿ. ಸಂಶೋಧನಾಲಯಗಳನ್ನು ಸಾಗಿಸಲು ಎಂಟು ವರ್ಷ ಸಾಕಾಯಿತು. ನೆರೆಹೊರೆ ಕೂಡಿ ಒಂದು ಊರಾಗಲು ಮೂವತ್ತು ವರ್ಷ ಬೇಕಾಯಿತು.

ಈ ಅಂತರವನ್ನು ತುಂಬಲು ತ್ಸುಕುಬಾ ಕೈಕೊಂಡ ಉಪಾಯಗಳಲ್ಲಿ ನಮಗೆ ಮುಖ್ಯವಾದುದು ಬಾಗಿಲು ತೆರೆಯುವುದು. ಪ್ರದರ್ಶನದ ಕಾಲದಲ್ಲಿ ಕಟ್ಟಿದ ವಿಜ್ಞಾನ ಮಂದಿರ ಹಾಗೂ ತಾರಾಲಯವನ್ನು ಶಾಲಾ ಮಕ್ಕಳಿಗಾಗಿ ಉಳಿಸಿಕೊಳ್ಳಲಾಯಿತು. ಸಂಶೋಧನಾಲಯಗಳು ನಿಗದಿಯಾದ ದಿನಗಳಲ್ಲಿ ಸಾರ್ವಜನಿಕರನ್ನು ಒಳಕ್ಕೆ ಕರೆದು ತಮ್ಮ ಕೆಲಸವನ್ನು ವಿವರಿಸುತ್ತವೆ.

ಬೆಂಗಳೂರು: ದಾನದ ನೆಲ

ಯೋಜನೆಯಿಲ್ಲದೆಯೇ ವಿಜ್ಞಾನ ನಗರಿಯಾದುದು ನಮ್ಮ ಬೆಂಗಳೂರು. ಜಮಶೇಟಜಿ ತಾತಾ ಅವರ ಸಂಕಲ್ಪಕ್ಕೆ ಮೈಸೂರು ಸಂಸ್ಥಾನ 1907ರಲ್ಲಿ 371 ಎಕರೆ ಭೂಮಿಯನ್ನು ದಾನವಾಗಿ ಕೊಟ್ಟಿತು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಗಿ, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಪ್ರವೇಶ ಪಡೆದರು. 1933ರಲ್ಲಿ ಚಂದ್ರಶೇಖರ ವೆಂಕಟರಾಮನ್ ಅವರು ಅದರ ಮೊದಲ ಭಾರತೀಯ ನಿರ್ದೇಶಕರಾದರು. ಒಂದು ದೀಪದಿಂದ ಇನ್ನೊಂದು ದೀಪ ಹೊತ್ತಿಕೊಳ್ಳುವಂತೆ ವಿಮಾನ ಕಾರ್ಖಾನೆ, ರಾಮನ್ ಸಂಶೋಧನಾಲಯ, ಬಾಹ್ಯಾಕಾಶ ಸಂಸ್ಥೆಗಳು ಆ ಊರಿಗೆ ಬಂದವು. ತಾತಾ ಅವರು ಸಂಸ್ಥೆಯನ್ನು ಕಣ್ಣಾರೆ ಕಾಣಲಿಲ್ಲ, 1904ರಲ್ಲಿಯೇ ತೀರಿಕೊಂಡಿದ್ದರು. ದಾನಿಯು ನೆಡುವ ಮರದ ನೆರಳು ದಾನಿಗೇ ದೊರೆಯಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಕಾಲಕ್ರಮದಲ್ಲಿ ಬೆಂಗಳೂರೂ ಟೋಕಿಯೋದಂತೆ ತುಂಬಿತು. ಹೊಸ ಪ್ರಯೋಗಗಳಿಗೆ ಬೇರೆ ಬಯಲನ್ನು ಅರಸಬೇಕಾಯಿತು. ಹೀಗೆ ಚಳ್ಳಕೆರೆಯ ಪ್ರಸಂಗ ಒದಗಿತು.

ಚಳ್ಳಕೆರೆ: ಕಾವಲಿನ ನೆಲ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲೂಕು ಮಳೆ ಕಡಿಮೆಯ ಸೀಮೆ. ಅಲ್ಲಿನ ಕುದಾಪುರ, ವರವು, ಉಳ್ಳಾರ್ತಿಗಳ ವಿಶಾಲವಾದ ಹುಲ್ಲುಗಾವಲುಗಳಿಗೆ ಅಮೃತಮಹಲ್ ಕಾವಲುಗಳೆಂದು ಹೆಸರು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯೇ ಟಿಪ್ಪುವಿನ ಕಾಲದಲ್ಲಿ 'ಅಮೃತಮಹಲ್' ಎನಿಸಿತು. ಯುದ್ಧದಲ್ಲಿ ಫಿರಂಗಿ ಬಂಡಿಗಳನ್ನು ಎಳೆಯುತ್ತಿದ್ದ ಪ್ರಸಿದ್ಧ ತಳಿಯ ಎತ್ತುಗಳು ಇಂತಹ ಕಾವಲುಗಳಲ್ಲಿ ಬೆಳೆದವು. ರಾಜರ ದನಗಳು ಹೋದ ಮೇಲೆಯೂ ಸುತ್ತಲಿನ ಹಳ್ಳಿಗಳ ದನ ಕುರಿಗಳಿಗೆ ಅದೇ ಮೇವು. ಆ ಕುರಿಗಳ ಉಣ್ಣೆಯಿಂದ ನೇಯುವ ಕಂಬಳಿಗೆ ಚಳ್ಳಕೆರೆ ಹೆಸರಾಗಿದೆ.

2008ರ ತರುವಾಯದ ಎರಡು ಮೂರು ವರ್ಷಗಳಲ್ಲಿ ಈ ಕಾವಲುಗಳಿಂದ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ರಕ್ಷಣಾ ಸಂಶೋಧನಾ ಸಂಸ್ಥೆಗೆ 4,000 ಎಕರೆಗೂ ಮಿಕ್ಕಿ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಸುಮಾರು 1,800 ಎಕರೆ, ಬಾಹ್ಯಾಕಾಶ ಸಂಸ್ಥೆಗೆ ಸುಮಾರು 570 ಎಕರೆ ಭೂಮಿ ಹಂಚಿಕೆಯಾಯಿತು. ಪತ್ರಿಕೆಗಳು ಇದನ್ನು ವಿಜ್ಞಾನ ನಗರಿ ಎಂದು ಕರೆದವು. ಸರಕಾರದ ಕಾಗದದಲ್ಲಿ ಅದು ಯಾರೂ ವಾಸಿಸದ ಬಯಲು. ಕುರಿಗಾಹಿಯ ಕಣ್ಣಿಗೆ ಮಾತ್ರ ಅದು ಬದುಕಿನ ಬುಡ. ಬಯಲಿನ ಸುತ್ತ ಎತ್ತರದ ಗೋಡೆಗಳೆದ್ದಾಗ ಹಳ್ಳಿಗರು ಪ್ರತಿಭಟಿಸಿದರು. ವಿಷಯ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಚೆನ್ನೈ ಪೀಠದ ಮುಂದೆ ಹೋಯಿತು. ಪೀಠವು ಸತ್ಯಶೋಧನಾ ಸಮಿತಿಯನ್ನು ಕಳುಹಿಸಿ, 2014ರಲ್ಲಿ ತೀರ್ಪು ನೀಡಿತು. ಯೋಜನೆಗಳು ನಿಲ್ಲಲಿಲ್ಲ.

ಅಲ್ಲಿ ನಡೆದಿರುವ ಕೆಲಸ ಹೆಮ್ಮೆಪಡುವಂತಹುದು ಎಂಬುದನ್ನೂ ನಿರ್ಮತ್ಸರವಾಗಿ ಹೇಳಬೇಕು. 2017ರಲ್ಲಿ ರಕ್ಷಣಾ ಸಂಸ್ಥೆಯ ವೈಮಾನಿಕ ಪರೀಕ್ಷಾ ಕ್ಷೇತ್ರ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಪುನಃ ಬಳಸಬಹುದಾದ ರೆಕ್ಕೆಯುಳ್ಳ ಬಾಹ್ಯಾಕಾಶ ವಾಹನದ ಮಾದರಿಯೊಂದನ್ನು ಹೆಲಿಕಾಪ್ಟರು ಸುಮಾರು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ಯಾರ ಕೈಯ ನಿಯಂತ್ರಣವೂ ಇಲ್ಲದೆ ತಾನಾಗಿಯೇ ಅಲ್ಲಿನ ಓಡುಹಾದಿಯ ಮೇಲೆ ಇಳಿಯಿತು. 2024ರಲ್ಲಿ ಇನ್ನೆರಡು ಸಲ ಈ ಪ್ರಯೋಗ ಯಶಸ್ವಿಯಾಯಿತು. ಅಧ್ಯಾಪಕ ವೃಂದಕ್ಕೆ ಹೆಚ್ಚು ಸಮೀಪದ ಸಂಗತಿಯೆಂದರೆ, ಭಾರತೀಯ ವಿಜ್ಞಾನ ಸಂಸ್ಥೆಯು ತನ್ನ ಕುದಾಪುರದ ಆವರಣದಲ್ಲಿ ಎಲ್ಲಕ್ಕೂ ಮೊದಲು ಆರಂಭಿಸಿದ ಕಾರ್ಯಗಳಲ್ಲೊಂದು ಶಾಲಾ ಕಾಲೇಜುಗಳ ವಿಜ್ಞಾನ ಮತ್ತು ಗಣಿತ ಅಧ್ಯಾಪಕರಿಗೆ ವಸತಿಸಹಿತ ತರಬೇತಿ. ಸಾವಿರಾರು ಅಧ್ಯಾಪಕರು ಅಲ್ಲಿ ಪ್ರಯೋಗಗಳನ್ನು ಕೈಯಾರೆ ಮಾಡಿ ಕಲಿತು ಬಂದಿದ್ದಾರೆ.

ಹೀಗೆ ಒಂದೇ ಬಯಲಿನಲ್ಲಿ ಗೋಡೆಯೂ ಇದೆ, ಬಾಗಿಲೂ ಇದೆ. ಕ್ಷಿಪಣಿ, ವಿಮಾನಗಳ ಪರೀಕ್ಷೆ ನಡೆಯುವಲ್ಲಿ ಗೋಡೆ ಅನಿವಾರ್ಯವೆಂದು ಒಪ್ಪೋಣ. ಆದರೆ ಗೋಡೆ ಏಳುವ ಮೊದಲು ಕುರಿಗಾಹಿಯೊಡನೆ ಕುಳಿತು ಮಾತನಾಡಲು ಯಾವ ವಿಜ್ಞಾನವೂ ಅಡ್ಡಿ ಮಾಡುತ್ತಿರಲಿಲ್ಲ. ತ್ಸುಕುಬಾದ ನಕ್ಷೆ ರೈತನ ಮಾತಿಗೆ ಬಾಗಿತು; ಚಳ್ಳಕೆರೆಯಲ್ಲಿ ಆ ಮಾತು ನ್ಯಾಯಪೀಠದ ಮೆಟ್ಟಿಲನ್ನು ಹತ್ತಬೇಕಾಯಿತು. ಎರಡಕ್ಕೂ ಇರುವ ಅಂತರ ಇಷ್ಟೇ.

ನಮ್ಮ ಮೂರು ತಾಲೂಕುಗಳು

ಸಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಯಾವ ವಿಜ್ಞಾನ ನಗರಿಯೂ ಇಲ್ಲ. ಆದರೆ ವಿಜ್ಞಾನವು ಜನರ ಅಂಗಳಕ್ಕೆ ಬಂದ ಉದಾಹರಣೆಗಳು ಇಲ್ಲಿ ಹೇರಳವಾಗಿವೆ.

ಮೊದಲನೆಯದು ಅಡಿಕೆಯ ಕೊಳೆರೋಗ. ಮಳೆಗಾಲದಲ್ಲಿ ಎಳೆಯ ಅಡಿಕೆ ಕೊಳೆತು ಉದುರುವ ಈ ವ್ಯಾಧಿಗೆ ನಮ್ಮ ಹಿರಿಯರು ಕೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಅಭ್ಯಸಿಸಿ, ಅದಕ್ಕೆ ಕಾರಣವಾದ ಶಿಲೀಂಧ್ರವನ್ನು 1910ರಲ್ಲಿ ವಿವರಿಸಿದರು. ದ್ರಾಕ್ಷಿಯ ರೋಗಕ್ಕಾಗಿ ಫ್ರಾನ್ಸಿನಲ್ಲಿ ಬಳಕೆಗೆ ಬಂದಿದ್ದ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಸಿಂಪಡಿಸಿ ತೋರಿಸಿದರು. ಇಂದು ನಮ್ಮ ಸೀಮೆಯಲ್ಲಿ ಮದ್ದು ಹೊಡೆಯುವುದೆಂದರೆ ಅದೇ. ತೋಟದಲ್ಲಿ ಹುಟ್ಟಿದ ಪ್ರಶ್ನೆಗೆ ತೋಟದಲ್ಲಿಯೇ ಉತ್ತರ ದೊರೆತ ಕಥೆ ಇದು.

ಎರಡನೆಯದು ಬಿದಿರು. 1975ರ ಸುಮಾರಿಗೆ ಬಿದಿರು ಕ್ಷೀಣಿಸುತ್ತಿರುವುದರ ಕಾರಣವನ್ನು ಅರಿಯಲು ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಉತ್ತರ ಕನ್ನಡದ ಕಾಡುಗಳಿಗೆ ಬಂದರು. ಬಿದಿರು ಚೆನ್ನಾಗಿ ಬೆಳೆಯಲೆಂದು ಅರಣ್ಯ ಇಲಾಖೆಯು ಮೆಳೆಗಳ ಬುಡದ ಮುಳ್ಳನ್ನು ಸವರಿಸುತ್ತಿತ್ತು. ಹಳ್ಳಿಗರು ಇದನ್ನು ಒಪ್ಪಲಿಲ್ಲ. ಮುಳ್ಳು ಹೋದರೆ ಎಳೆಯ ಕಳಲೆಯನ್ನು ದನ ಮತ್ತು ಕಾಡುಪ್ರಾಣಿಗಳು ತಿಂದುಬಿಡುತ್ತವೆ ಎಂದರು. ಕ್ಷೇತ್ರಾಧ್ಯಯನ ಮಾಡಿ ನೋಡಿದಾಗ ಹಳ್ಳಿಗರ ಮಾತೇ ಸತ್ಯವೆಂದು ಸಿದ್ಧವಾಯಿತು. ವಿಜ್ಞಾನಿಯ ಹಿರಿಮೆ ಇಲ್ಲಿ ಎರಡು ಬಗೆಯದು: ಕೇಳಿಸಿಕೊಂಡದ್ದು ಒಂದು, ಕೇಳಿದ್ದನ್ನು ಪರೀಕ್ಷಿಸಿ ನೋಡಿದ್ದು ಇನ್ನೊಂದು.

ಮೂರನೆಯದು ಬೇಡ್ತಿ. ಯಲ್ಲಾಪುರದ ಕಡೆ ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಯೋಜನೆಯಿಂದ ಕಾಡು ಮತ್ತು ತೋಟಗಳು ಮುಳುಗಲಿದ್ದಾಗ, ಇಲ್ಲಿನ ಜನ ಘೋಷಣೆ ಕೂಗುವುದಷ್ಟಕ್ಕೇ ನಿಲ್ಲಲಿಲ್ಲ. 1981ರ ಜನವರಿಯಲ್ಲಿ ಸಿರಸಿಯಲ್ಲಿ ವಿಚಾರ ಸಂಕಿರಣ ನಡೆದು, ವಿಜ್ಞಾನಿಗಳೂ ಕೃಷಿಕರೂ ಒಂದೇ ವೇದಿಕೆಯಲ್ಲಿ ಯೋಜನೆಯ ಲಾಭನಷ್ಟಗಳನ್ನು ಅಳೆದರು. ಆ ಯೋಜನೆ ಕೈಬಿಡಲ್ಪಟ್ಟಿತು. ತೋಟಿಗನು ಅಂಕಿ ಅಂಶಗಳ ಭಾಷೆಯನ್ನು ಕಲಿತದ್ದು ಆ ದಿನಗಳ ದೊಡ್ಡ ಗಳಿಕೆ.

ನಾಲ್ಕನೆಯದು ಇನ್ನೂ ಮುಗಿಯದ ಪಾಠ. 1957ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಜನರೂ ಜ್ವರದಿಂದ ಸತ್ತರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದು ಉಣುಗಿನ ಮೂಲಕ ಹರಡುವ ಹೊಸ ವೈರಾಣುವೆಂದು ಕಂಡುಹಿಡಿದರು. ಆ ಊರಿನ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು. ಆದರೆ 2024ರ ಆರಂಭದಲ್ಲಿಯೂ ಸಿದ್ದಾಪುರ ತಾಲೂಕಿನ ಹಳ್ಳಿಗಳಲ್ಲಿ ಮಂಗನ ಕಾಯಿಲೆ ಜನರನ್ನು ಬಲಿ ತೆಗೆದುಕೊಂಡಿತು. ಬಹುಕಾಲ ಬಳಸಿದ ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡದಾಗಿ, 2022ರಲ್ಲಿ ಅದರ ಬಳಕೆ ನಿಂತಿತ್ತು. ಬೆಟ್ಟಕ್ಕೆ ದರಕು ಗುಡಿಸಲು, ಸೊಪ್ಪು ತರಲು, ಸೌದೆಗೆ ಹೋಗುವವರೇ ಈ ಜ್ವರಕ್ಕೆ ಮೊದಲು ಸಿಕ್ಕುವವರು. ಅರುವತ್ತು ವರ್ಷಕ್ಕೂ ಮಿಕ್ಕಿ ಗೊತ್ತಿರುವ ರೋಗಕ್ಕೆ ನಂಬಿಕೆಯ ರಕ್ಷೆ ಇಲ್ಲದೆ ಅವರು ಬೆಟ್ಟಕ್ಕೆ ಹೋದರು. ವಿಜ್ಞಾನದ ಕೇಂದ್ರ ಎಷ್ಟು ಎಕರೆಯಲ್ಲಿದೆ ಎಂಬುದಕ್ಕಿಂತ, ಯಾರ ಪ್ರಶ್ನೆ ಅಲ್ಲಿನ ಮೇಜಿನ ಮೇಲೆ ಮೊದಲು ಬರುತ್ತದೆ ಎಂಬುದು ಏಕೆ ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಶಾಲೆಯ ಕರ್ತವ್ಯ

ಮೇಲಿನ ವಿಚಾರದಿಂದ ಹೊರಡುವ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ವಿಜ್ಞಾನ ನಗರಿಗೆ ನೆಲ, ಹಣ, ಪ್ರತಿಭೆ ಇವು ಮೂರೂ ಬೇಕು. ಆದರೆ ನೆರೆಹೊರೆಯೊಡನೆ ಮಾತು ಇಲ್ಲದಿದ್ದರೆ ಅದು ಜನರ ನಡುವಿನ ದ್ವೀಪವಾಗುತ್ತದೆ. ಆ ಮಾತು ಎರಡು ಕಡೆಯಿಂದಲೂ ಹುಟ್ಟಬೇಕು. ವಿಜ್ಞಾನಿ ಬಾಗಿಲು ತೆರೆಯಬೇಕು; ಹಳ್ಳಿಯವನು ಒಳಹೊಕ್ಕು ಪ್ರಶ್ನಿಸಲು ಸಮರ್ಥನಾಗಿರಬೇಕು. ಈ ಎರಡನೆಯ ಸಾಮರ್ಥ್ಯವನ್ನು ಕೊಡತಕ್ಕದ್ದು ಶಾಲೆ.

ಇದಕ್ಕಾಗಿ ಅಧ್ಯಾಪಕರು ಕೆಲವು ಸುಲಭ ಕಾರ್ಯಗಳನ್ನು ಕೈಕೊಳ್ಳಬಹುದು. ಒಂದು, ವಿದ್ಯಾರ್ಥಿಗಳಿಂದ ದಿನನಿತ್ಯದ ಮಳೆಯನ್ನು ಅಳೆಯಿಸಿ, ಕೊಳೆರೋಗ ಕಾಣಿಸಿದ ದಿನಗಳೊಡನೆ ಹೋಲಿಸಿ ನೋಡುವುದು. ಎರಡು, ತಮ್ಮ ಊರಿನ ಸೊಪ್ಪಿನ ಬೆಟ್ಟದಲ್ಲಿರುವ ಮರಗಳ ಹೆಸರು, ಉಪಯೋಗಗಳನ್ನು ಹಿರಿಯರಿಂದ ಕೇಳಿ ಪಟ್ಟಿ ಮಾಡಿಸುವುದು; ಗುರುತಿಗೆ ಸಿರಸಿಯ ಅರಣ್ಯ ಮಹಾವಿದ್ಯಾಲಯದ ನೆರವನ್ನು ಕೋರುವುದು. ಮೂರು, ಕಾಡಿನಲ್ಲಿ ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ, ಮುಟ್ಟದೆ, ಒಡನೆಯೇ ಆರೋಗ್ಯ ಕೇಂದ್ರಕ್ಕೆ ತಿಳಿಸುವ ಅಭ್ಯಾಸವನ್ನು ಮಕ್ಕಳಲ್ಲಿಯೂ ಅವರ ಮೂಲಕ ಮನೆಯವರಲ್ಲಿಯೂ ಬೆಳೆಸುವುದು. ನಾಲ್ಕು, ಚಳ್ಳಕೆರೆಯ ಭೂಮಿಯ ಪ್ರಶ್ನೆಯನ್ನು ತರಗತಿಯಲ್ಲಿ ಚರ್ಚೆಗೆ ಇಡುವುದು. ಒಬ್ಬನು ವಿಜ್ಞಾನಿಯ ಪಕ್ಷವನ್ನು, ಇನ್ನೊಬ್ಬನು ಕುರಿಗಾಹಿಯ ಪಕ್ಷವನ್ನು ಸಮರ್ಥಿಸಲಿ. ಬಳಿಕ ಇಬ್ಬರೂ ಪಕ್ಷವನ್ನು ಅದಲುಬದಲು ಮಾಡಿಕೊಳ್ಳಲಿ. ಎದುರಾಳಿಯ ಮಾತನ್ನು ತನ್ನ ಬಾಯಿಂದ ನ್ಯಾಯವಾಗಿ ಹೇಳಲು ಕಲಿತವನು ಮುಂದೆ ಎಂಜಿನಿಯರೇ ಆಗಲಿ, ಅಧಿಕಾರಿಯೇ ಆಗಲಿ, ನಕ್ಷೆ ಬರೆಯುವ ಮುನ್ನ ಒಮ್ಮೆ ಹಳ್ಳಿಗೆ ಹೋಗಿ ಬರುತ್ತಾನೆ.

ಉಪಸಂಹಾರ

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರಿರಬಹುದು. ತೋಟದ ಬಾಳ್ವೆಯನ್ನೇ ಆರಿಸಿಕೊಂಡವರೂ ಇರುತ್ತಾರೆ. ಮೊದಲನೆಯವರು ರಜೆಗೆ ಊರಿಗೆ ಬಂದಾಗ ಒಂದು ತರಗತಿಯ ಹೊತ್ತನ್ನು ಶಾಲೆಗೆ ಕೊಡಲಿ. ಎರಡನೆಯವರು ಆ ದಿನ ತಮ್ಮ ತೋಟದ ಒಂದು ಪ್ರಶ್ನೆಯನ್ನು ಹಿಡಿದು ಬರಲಿ. ದಾನಿಗಳು ಕೊಡುವ ಸೂಕ್ಷ್ಮದರ್ಶಕ ಒಂದೇ ಆದರೂ, ಅದರ ಕೆಳಗೆ ಕೊಳೆತ ಅಡಿಕೆಯ ಚೂರನ್ನು ಇಟ್ಟು ನೋಡಿದ ಬಾಲಕನಿಗೆ ವಿಜ್ಞಾನ ಪರದೇಶದ ವಸ್ತುವಾಗಿ ಉಳಿಯುವುದಿಲ್ಲ. ಎಂಟು ಸಾವಿರ ಎಕರೆಯ ನಗರಿಯನ್ನು ಕಟ್ಟುವ ಶಕ್ತಿ ನಮಗಿಲ್ಲ. ಪ್ರಶ್ನೆಯನ್ನು ಹೊತ್ತು ಬಂದ ನೆರೆಯವನಿಗೆ ಬಾಗಿಲು ತೆರೆದಿಡುವ ಶಕ್ತಿ ನಮಗಿದೆ. ಬಳ್ಳಿಗಾವಿಯ ಮಠದ ಅಂಗಳವು ಎಂಟುನೂರು ವರ್ಷಗಳ ಹಿಂದೆ ಅದನ್ನು ಮಾಡಿತ್ತು; ನಮ್ಮ ಶಾಲೆಯ ಅಂಗಳವೂ ಅದನ್ನು ಮಾಡಲಿ.